ಹಳದಿ ಲಕೋಟೆಯ ಲೆಕ್ಕ

ಶಿಷ್ಯೆ: ಮೇಷ್ಟ್ರೇ, ನೇರವಾಗಿ ಕೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಒಂದು ದೇಶ ಸೈನಿಕ ಆಡಳಿತದಿಂದ ಆಗಷ್ಟೇ ಹೊರಗೆ ಬಂದಿದೆ. ಖಜಾನೆ ಖಾಲಿ, ಕಾರ್ಖಾನೆಗಳು ಇನ್ನೂ ಎಳೆಯವು, ವಿದೇಶಿ ಗಿರಾಕಿಗಳು ಇವತ್ತು ಇದ್ದರೆ ನಾಳೆ ಇಲ್ಲ. ಅಂಥ ಕಡೆ ಮೊದಲು ಚುನಾವಣೆ ನೆಟ್ಟಗೆ ನಡೆಯಲಿ, ನ್ಯಾಯಾಲಯ ಗಟ್ಟಿಯಾಗಲಿ, ನಾಲ್ಕು ಜನರಿಗೆ ಕೆಲಸ ಸಿಗಲಿ. ಯೂನಿಯನ್, ಮುಷ್ಕರ, ಧರಣಿ ಎಲ್ಲ ಹೊಟ್ಟೆ ತುಂಬಿದ ಮೇಲೆ ನೋಡಿಕೊಳ್ಳೋಣ ಅಂದರೆ ತಪ್ಪೇನು? ದಕ್ಷಿಣ ಕೊರಿಯಾವನ್ನೇ ನೋಡಿ. ಮೊದಲು ಬೆಳೆದರು, ಆಮೇಲೆ ಪ್ರಜಾಪ್ರಭುತ್ವ ತಂದರು, ಕಾರ್ಮಿಕರ ಹಕ್ಕು ಅದರ ಹಿಂದೆಯೇ ತಾನಾಗಿ ಬಂತು. ಮ್ಯಾನೇಜ್‌ಮೆಂಟ್ ಓದುವವರೆಲ್ಲ ಕಲಿಯುವುದು ಇದನ್ನೇ.

ಮೇಷ್ಟ್ರು: ಕೊರಿಯಾದ ಹೆಸರು ನೀನೇ ಎತ್ತಿದೆ, ಒಳ್ಳೆಯದಾಯಿತು. ಅಲ್ಲಿ ಹಕ್ಕು ಆಮೇಲೆ ಬರಲಿಲ್ಲ ಕಣಮ್ಮ, ಎಲ್ಲಕ್ಕಿಂತ ಮೊದಲೇ ಬಂದಿತ್ತು. 1948ರ ಅವರ ಮೊದಲ ಸಂವಿಧಾನದಲ್ಲೇ ಸಂಘ ಕಟ್ಟುವ, ಒಟ್ಟಾಗಿ ಚೌಕಾಸಿ ಮಾಡುವ, ಒಟ್ಟಾಗಿ ಕೆಲಸ ನಿಲ್ಲಿಸುವ ಹಕ್ಕು ಇತ್ತು. ಖಾಸಗಿ ಕಂಪನಿಯ ಲಾಭದಲ್ಲಿ ಕಾರ್ಮಿಕರಿಗೆ ಪಾಲು ಎಂದೂ ಬರೆದಿದ್ದರು. 1953ರ ಮೇ ತಿಂಗಳಲ್ಲಿ, ಯುದ್ಧವಿರಾಮಕ್ಕೆ ಇನ್ನೂ ಎರಡು ತಿಂಗಳು ಬಾಕಿ ಇರುವಾಗಲೇ, ಕಾರ್ಮಿಕ ಮಾನದಂಡ ಕಾಯ್ದೆ ಆಯಿತು: ದಿನಕ್ಕೆ ಎಂಟು ಗಂಟೆ ಕೆಲಸ, ವಾರಕ್ಕೊಂದು ರಜೆ. ಕಾಗದದ ಮಟ್ಟಿಗೆ ಏನೂ ಕಡಿಮೆ ಇರಲಿಲ್ಲ. ಈಗ 1970ರ ಸೋಲ್ ನಗರದ ಶಾಂತಿ ಮಾರುಕಟ್ಟೆಗೆ ಬಾ. ಅದರ ಹೆಸರೇ ಅದು. ಕೆಳಗೆ ಬಟ್ಟೆ ಅಂಗಡಿಗಳು, ಮೇಲೆ ನೂರಾರು ಹೊಲಿಗೆ ಕೋಣೆಗಳು. ಒಂದು ಅಂತಸ್ತನ್ನು ಅಡ್ಡ ಹಲಗೆ ಹಾಕಿ ಎರಡು ಮಾಡಿಕೊಂಡಿದ್ದರು, ಅಟ್ಟದ ಮೇಲೆ ಕೂತವರು ಬೆನ್ನು ನೆಟ್ಟಗೆ ಮಾಡಿ ನಿಲ್ಲುವಂತಿರಲಿಲ್ಲ. ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯರು ಹೆಲ್ಪರ್ ಕೆಲಸಕ್ಕೆ. ದಿನಕ್ಕೆ ಹದಿನಾಲ್ಕು ಗಂಟೆ ದುಡಿಮೆ, ಆರ್ಡರ್ ಒತ್ತಡ ಬಂದಾಗ ನಿದ್ದೆ ಬಾರದಿರಲು ಮಾತ್ರೆ, ಶ್ವಾಸಕೋಶದ ತುಂಬ ಹತ್ತಿಯ ಧೂಳು, ಕ್ಷಯ.

ಅಲ್ಲಿ ಚೊನ್ ತೇ-ಇಲ್ ಎಂಬ ಕಟಿಂಗ್ ಮಾಸ್ಟರ್ ಇದ್ದ, ವಯಸ್ಸು 22. ಇಂಥದ್ದೊಂದು ಕಾಯ್ದೆ ಇದೆ ಎಂದು ಅವನಿಗೆ ಗೊತ್ತಾದದ್ದೇ ತಡವಾಗಿ. ಪುಸ್ತಕ ಕೊಂಡು ತಂದ. ಅದರ ತುಂಬ ಚೀನೀ ಲಿಪಿಯ ಪದಗಳು. ಶಾಲೆ ನಡುವೆ ಬಿಟ್ಟ ಹುಡುಗನಿಗೆ ಅವು ಓದಲು ಬರುತ್ತಿರಲಿಲ್ಲ. ಓದಿ ಹೇಳಲು ಕಾಲೇಜಿಗೆ ಹೋಗುವ ಒಬ್ಬ ಗೆಳೆಯ ಇದ್ದಿದ್ದರೆ ಎಂದು ಅವನು ಹಂಬಲಿಸುತ್ತಿದ್ದ. ಇಂಗ್ಲಿಷಿನಲ್ಲಿರುವ ಕಾಯ್ದೆಯನ್ನು, ನೇಮಕಾತಿ ಪತ್ರವನ್ನು, ಚಾರ್ಜ್‌ಶೀಟನ್ನು ಕೈಯಲ್ಲಿ ಹಿಡಿದು ಯಾರನ್ನು ಕೇಳಲಿ ಎಂದು ನಿಂತ ಕನ್ನಡದ ಕಾರ್ಮಿಕನಿಗೆ ಈ ಹಂಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನು ಗೆಳೆಯರನ್ನು ಸೇರಿಸಿ ಗುಂಪು ಕಟ್ಟಿದ, ಕಾರ್ಮಿಕರ ಕೈಲಿ ಪ್ರಶ್ನಾವಳಿ ತುಂಬಿಸಿದ, ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟ. ಏನೂ ಆಗಲಿಲ್ಲ. 1970ರ ನವೆಂಬರ್ 13ರಂದು ಕಾಯ್ದೆಯ ಪುಸ್ತಕಕ್ಕೆ ಅಂತ್ಯಸಂಸ್ಕಾರ ಮಾಡುವುದೆಂದು ಗೆಳೆಯರೆಲ್ಲ ನಿಶ್ಚಯಿಸಿದ್ದರು. ಪೊಲೀಸರು, ಕಾವಲಿನವರು ಅಡ್ಡ ಬಂದರು. ಅವನು ಮೈಗೆ ಎಣ್ಣೆ ಸುರಿದುಕೊಂಡು ಬೆಂಕಿ ಹಚ್ಚಿಕೊಂಡು, ಕಾಯ್ದೆಯನ್ನು ಪಾಲಿಸಿ, ನಾವು ಯಂತ್ರಗಳಲ್ಲ ಎಂದು ಕೂಗುತ್ತ ಓಡಿದ. ಹೊಸ ಹಕ್ಕು ಒಂದನ್ನೂ ಅವನು ಕೇಳಲಿಲ್ಲ ಎಂಬುದನ್ನು ಗಮನಿಸು. ಹದಿನೇಳು ವರ್ಷದಿಂದ ಪುಸ್ತಕದಲ್ಲಿ ಇದ್ದದ್ದನ್ನೇ ಕೇಳಿದ. ಆದ್ದರಿಂದ ನಾನು ಹಿಡಿಯುವ ಅಳತೆಗೋಲು ಬೇರೆ. ಕಾರ್ಮಿಕರಿಗೆ ಸಂಘದ ಹಕ್ಕು ಇದೆಯೇ ಎಂದು ಯಾವ ದೇಶವನ್ನು ಕೇಳಿದರೂ ಇದೆ ಎನ್ನುತ್ತದೆ. ಆ ಹಕ್ಕನ್ನು ಬಳಸಿದವರು ಅದಕ್ಕೆ ಏನು ತೆರಬೇಕಾಗುತ್ತದೆ ಎಂದು ಕೇಳಬೇಕು.

ಶಿಷ್ಯೆ: ಆ ಹುಡುಗನ ಸಂಕಟವನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅದು ಸರ್ವಾಧಿಕಾರದ ಕಾಲ. ಪಾರ್ಕ್ ಚುಂಗ್-ಹೀ ಆಳುವಾಗ ಪತ್ರಿಕೆಗೂ ಬಾಯಿ ಇರಲಿಲ್ಲ, ವಿದ್ಯಾರ್ಥಿಗೂ ಇರಲಿಲ್ಲ, ಕಾರ್ಮಿಕನಿಗೆ ಮಾತ್ರ ಹೇಗೆ ಇರುತ್ತದೆ? ನನ್ನ ವಾದಕ್ಕೆ ಇದು ಬಲವೇ ಆಯಿತು. ರಾಜಕೀಯ ಸ್ವಾತಂತ್ರ್ಯ ಬಂದರೆ ಉಳಿದದ್ದು ಹಿಂದೆ ಬರುತ್ತದೆ.

ಮೇಷ್ಟ್ರು: ರಾಜಕೀಯ ಸ್ವಾತಂತ್ರ್ಯ ಬಂದದ್ದಾದರೂ ಯಾರ ಬೆನ್ನ ಮೇಲೆ? ವೈಎಚ್ ಎಂಬ ಕಂಪನಿ ವಿಗ್ ತಯಾರಿಸಿ ಅಮೆರಿಕಕ್ಕೆ ಕಳಿಸುತ್ತಿತ್ತು. 1979ರಲ್ಲಿ ಕಾರ್ಖಾನೆ ಮುಚ್ಚುತ್ತೇವೆಂದು ಹೇಳಿತು. ಮಾಲೀಕ ಆಗಲೇ ಅಮೆರಿಕದಲ್ಲಿ ನೆಲೆಸಿದ್ದ. ಸುಮಾರು 200 ಹೆಣ್ಣುಮಕ್ಕಳು ಆಗಸ್ಟ್ 9ರಂದು ವಿರೋಧ ಪಕ್ಷದ ಕೇಂದ್ರ ಕಚೇರಿಗೆ ಹೋಗಿ ಕೂತರು. ಎರಡು ದಿನವಾದ ಮೇಲೆ ನಡುರಾತ್ರಿ ಪೊಲೀಸರು ನುಗ್ಗಿ ಎಳೆದು ಹಾಕಿದರು. ಕಿಮ್ ಕ್ಯೊಂಗ್-ಸೂಕ್ ಎಂಬ 21 ವರ್ಷದ ಕಾರ್ಮಿಕಳು ಸತ್ತಳು. ಅವರಿಗೆ ಆಸರೆ ಕೊಟ್ಟ ವಿರೋಧ ಪಕ್ಷದ ನಾಯಕ ಕಿಮ್ ಯಂಗ್-ಸಾಮ್‌ರನ್ನು ಅಕ್ಟೋಬರ್ 4ರಂದು ಸಂಸತ್ತಿನಿಂದ ಉಚ್ಚಾಟಿಸಿದರು. ಅವರ ನೆಲವಾದ ಬುಸಾನ್‌ನಲ್ಲಿ 16ರಂದು ಜನ ಬೀದಿಗಿಳಿದರು, 18ಕ್ಕೆ ಮಾಸಾನ್. ಇದನ್ನು ಹೇಗೆ ಹತ್ತಿಕ್ಕಬೇಕೆಂಬ ಜಗಳ ಅರಮನೆಯೊಳಗೇ ಬೆಳೆದು, 26ರ ರಾತ್ರಿ ಗುಪ್ತಚರ ಮುಖ್ಯಸ್ಥನೇ ಪಾರ್ಕ್‌ನನ್ನು ಗುಂಡಿಕ್ಕಿ ಕೊಂದ. ವಿಗ್ ಹೆಣೆಯುತ್ತಿದ್ದ ಹುಡುಗಿಯರಿಂದಲೇ ಹದಿನೆಂಟು ವರ್ಷದ ಆಳ್ವಿಕೆ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಕಾರಣಗಳು ಬಹಳ ಇದ್ದವು. ಆದರೆ ಎರಡೂವರೆ ತಿಂಗಳ ಆ ಸರಪಳಿಯ ಮೊದಲ ಕೊಂಡಿ ಅವರ ಕೈಯಲ್ಲಿತ್ತು. ಮತ ಪೆಟ್ಟಿಗೆಗೆ ದಾರಿ ಮಾಡಿಕೊಟ್ಟವರಲ್ಲಿ ಅವರೂ ಇದ್ದರು, ಪೆಟ್ಟಿಗೆ ಬಂದ ಮೇಲೆ ಸಾಲಿನ ಕೊನೆಗೆ ನಿಲ್ಲಿ ಎಂದು ಅವರಿಗೆ ಹೇಳುವುದು ಹೇಗೆ?

ಹಾಗೆ ಹೇಳಿದರು ಎನ್ನುವುದೇ ಕೊರಿಯಾದ ಕಥೆ. 1987ರ ಜೂನ್‌ನಲ್ಲಿ ವಿದ್ಯಾರ್ಥಿಗಳು, ಪಾದ್ರಿಗಳು, ಕೊನೆಗೆ ಟೈ ಕಟ್ಟಿಕೊಂಡ ಕಚೇರಿ ನೌಕರರೂ ಬೀದಿಗೆ ಬಂದರು. ಜೂನ್ 29ರಂದು ಅಧ್ಯಕ್ಷರ ನೇರ ಚುನಾವಣೆಗೆ ಆಡಳಿತ ಒಪ್ಪಿತು. ಲೋಕದ ಕಣ್ಣಿಗೆ ಪ್ರಜಾಪ್ರಭುತ್ವ ಬಂದಾಯಿತು. ಕಾರ್ಖಾನೆಯ ಗೇಟಿನ ಒಳಗೆ ಅದು ಬಂದಿರಲಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ 3000ಕ್ಕೂ ಹೆಚ್ಚು ಮುಷ್ಕರಗಳಾದವು. ಉಲ್ಸಾನ್‌ನ ಹ್ಯುಂಡೈ ಕಾರ್ಖಾನೆಗಳ ಬೇಡಿಕೆ ಪಟ್ಟಿಯಲ್ಲಿ ಸಂಬಳದ ಜೊತೆಗೆ ಒಂದು ಮಾತಿತ್ತು: ನಮ್ಮ ತಲೆಗೂದಲು ನಮ್ಮ ಇಷ್ಟ. ಬೆಳಗ್ಗೆ ಗೇಟಿನಲ್ಲಿ ಕಾವಲಿನವನು ಕೂದಲಿನ ಉದ್ದ ನೋಡುತ್ತಿದ್ದ, ಹೆಚ್ಚಾಯಿತು ಅನಿಸಿದರೆ ಅಲ್ಲೇ ಕತ್ತರಿಸುತ್ತಿದ್ದ. ಹೆಂಡತಿ ಮಕ್ಕಳಿರುವ ಗಂಡಸು, ಹಡಗು ಕಟ್ಟುವ ಕುಶಲಕರ್ಮಿ, ಶಾಲೆಯ ಹುಡುಗನಂತೆ ತಲೆ ಬಗ್ಗಿಸಿ ನಿಲ್ಲಬೇಕಿತ್ತು. ಐದು ವರ್ಷಕ್ಕೊಮ್ಮೆ ಅಧ್ಯಕ್ಷನನ್ನು ಆರಿಸುವ ಹಕ್ಕು ಆ ಮನುಷ್ಯನಿಗೆ ಸಿಕ್ಕಿತು. ದಿನಾ ಬೆಳಗ್ಗೆ ಎದುರಾಗುವ ಕತ್ತರಿಯ ಮುಂದೆ ಅವನಿಗೆ ಏನೂ ಸಿಕ್ಕಿರಲಿಲ್ಲ. ಅದನ್ನು ಕೊಡಿಸಿದ್ದು ಯೂನಿಯನ್.

ಶಿಷ್ಯೆ: ಹಾಗಾದರೆ ಮತದ ಹಿಂದೆಯೇ ಯೂನಿಯನ್ ಬಂತಲ್ಲ, ಕೆಲವೇ ವಾರಗಳಲ್ಲಿ?

ಮೇಷ್ಟ್ರು: ಯೂನಿಯನ್ ಬಂತು, ಅದಕ್ಕೆ ಕಾನೂನಿನ ಒಪ್ಪಿಗೆ ಬರಲಿಲ್ಲ. 1980ರ ಡಿಸೆಂಬರ್‌ನಲ್ಲಿ, ಪಾರ್ಕ್ ನಂತರ ಅಧಿಕಾರ ಹಿಡಿದ ಸೇನಾನಾಯಕ ಚುನ್ ಡೂ-ಹ್ವಾನ್‌ನ ಆಡಳಿತ ಒಂದು ಕಲಮು ಸೇರಿಸಿತ್ತು: ಕಂಪನಿಯ ಮಾಲೀಕ ಮತ್ತು ಅಲ್ಲಿನ ಕಾರ್ಮಿಕರನ್ನು ಬಿಟ್ಟು ಹೊರಗಿನ ಮೂರನೆಯವರು ಯಾರೂ ವಿವಾದದಲ್ಲಿ ತಲೆ ಹಾಕಕೂಡದು. ವಕೀಲನೂ ಮೂರನೆಯವನೇ, ಪಕ್ಕದ ಕಾರ್ಖಾನೆಯ ಯೂನಿಯನ್ನೂ ಮೂರನೆಯದೇ. 1987ರ ಆಗಸ್ಟ್‌ನಲ್ಲಿ ಹಡಗು ಕಾರ್ಖಾನೆಯ ಒಬ್ಬ ಯುವಕ ಪೊಲೀಸರ ಅಶ್ರುವಾಯು ಶೆಲ್ ಬಡಿದು ಸತ್ತ. ಅವನ ಮನೆಯವರ, ಜೊತೆಗಾರರ ಪರ ನಿಂತ ಒಬ್ಬ ವಕೀಲರನ್ನು ಇದೇ ಕಲಮಿನಡಿ ಬಂಧಿಸಿದರು. ಆ ವಕೀಲರು ರೋ ಮೂ-ಹ್ಯುನ್. 2003ರಲ್ಲಿ ಅದೇ ದೇಶದ ಅಧ್ಯಕ್ಷರಾದರು. ನೇರ ಚುನಾವಣೆಗೆ ಒಪ್ಪಿಗೆ ಬಿದ್ದ ಮೇಲಿನ ಬಂಧನ ಇದು. 1989ರ ಮೇ ತಿಂಗಳಲ್ಲಿ ಶಿಕ್ಷಕರು ಸಂಘ ಕಟ್ಟಿದರು, ಸುಮಾರು 1500 ಮಂದಿ ಕೆಲಸ ಕಳೆದುಕೊಂಡರು. ಆ ಸಂಘಕ್ಕೆ ಮಾನ್ಯತೆ ಸಿಕ್ಕಿದ್ದು 1999ರಲ್ಲಿ. 2013ರಲ್ಲಿ ಅದನ್ನೂ ಕಿತ್ತುಕೊಂಡರು. 60,000 ಸದಸ್ಯರ ಸಂಘದಲ್ಲಿ ವಜಾ ಆದ 9 ಶಿಕ್ಷಕರು ಉಳಿದಿದ್ದಾರೆ ಎಂಬುದು ಕಾರಣ. ಅದು ತಪ್ಪೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2020 ಬಂದಿತ್ತು. ನೀನು ಹಿಂದೆಯೇ ಬರುತ್ತದೆ ಎಂದೆಯಲ್ಲ, ಆ ನಡಿಗೆಯ ವೇಗ ಇದು.

1996ರ ಡಿಸೆಂಬರ್ 26ನ್ನೂ ಮರೆಯಬಾರದು. ಅದೇ ತಿಂಗಳು ಕೊರಿಯಾ ಶ್ರೀಮಂತ ದೇಶಗಳ ಒಇಸಿಡಿ ಕೂಟಕ್ಕೆ ಸೇರಿತ್ತು. ಕ್ರಿಸ್‌ಮಸ್ ಮರುದಿನ ಬೆಳಗ್ಗೆ ಆರಕ್ಕೆ, ವಿರೋಧ ಪಕ್ಷಗಳಿಗೆ ಸುಳಿವೇ ಕೊಡದೆ, ಆಳುವ ಪಕ್ಷದ ಸದಸ್ಯರನ್ನು ಬಸ್ಸುಗಳಲ್ಲಿ ತಂದು ಇಳಿಸಿ, ಕಾರ್ಮಿಕರನ್ನು ತೆಗೆದುಹಾಕುವುದನ್ನು ಸುಲಭ ಮಾಡುವ ಕಾನೂನನ್ನು ಕೆಲವೇ ನಿಮಿಷಗಳಲ್ಲಿ ಪಾಸು ಮಾಡಿಸಿದರು. ಆಗ ಅಧ್ಯಕ್ಷರಾಗಿದ್ದವರು ಯಾರು ಗೊತ್ತೇ? ವಿಗ್ ಕಾರ್ಖಾನೆಯ ಹುಡುಗಿಯರಿಗೆ ಆಸರೆ ಕೊಟ್ಟಿದ್ದ ಅದೇ ಕಿಮ್ ಯಂಗ್-ಸಾಮ್. ಲಕ್ಷಗಟ್ಟಲೆ ಕಾರ್ಮಿಕರು ಮುಷ್ಕರಕ್ಕೆ ಇಳಿದರು. 1997ರ ಮಾರ್ಚ್‌ನಲ್ಲಿ ಕಾನೂನನ್ನು ಮತ್ತೆ ಬರೆಯಬೇಕಾಯಿತು. ಸಂಸತ್ತು ಕಳ್ಳದಾರಿ ಹಿಡಿದಾಗ ಸಂಸದೀಯ ಕ್ರಮವನ್ನು ಕಾಪಾಡಿದ್ದು ಮುಷ್ಕರ, ಅದೂ ಆ ಹೊತ್ತಿಗೆ ಸರ್ಕಾರದ ಮಾನ್ಯತೆಯೇ ಇಲ್ಲದ ಒಂದು ಕಾರ್ಮಿಕ ಒಕ್ಕೂಟ ಮುಂದೆ ನಿಂತು ನಡೆಸಿದ ಮುಷ್ಕರ. ಇದಕ್ಕೆ ಪ್ರಜಾಪ್ರಭುತ್ವವಿರೋಧಿ ಎಂಬ ಹೆಸರು ಹಚ್ಚಲು ನನಗೆ ಮನಸ್ಸು ಬರುವುದಿಲ್ಲ.

ಶಿಷ್ಯೆ: ಸಂಬಳ ಕೊಡುವ ಜಾಗದಲ್ಲಿ ಕೂತವರ ಕಷ್ಟವನ್ನೂ ಕೇಳಿ, ಮೇಷ್ಟ್ರೇ. 1987ರ ನಂತರ ಬುಸಾನ್‌ನ ಶೂ ಕಾರ್ಖಾನೆಗಳು ಸಾಲು ಸಾಲಾಗಿ ಮುಚ್ಚಿ ಇಂಡೊನೇಷ್ಯಾ, ಚೀನಾ ಕಡೆ ಹೋದವು. ಕೂಲಿ ಏರಿದ ಮೇಲೆ ಆರ್ಡರ್ ಉಳಿಯಲಿಲ್ಲ. ಕೆಲಸವೇ ಹೋದ ಮೇಲೆ ಯೂನಿಯನ್ ಕಾರ್ಡಿನಿಂದ ಏನು ಪ್ರಯೋಜನ? ಇನ್ನೊಂದು, ದೊಡ್ಡ ಕಾರ್ಖಾನೆಯ ಕಾಯಂ ನೌಕರರು ಯೂನಿಯನ್ ಬಲದಿಂದ ಚೆನ್ನಾಗಿ ಬೆಳೆದರು. ಅದೇ ಲೈನಿನಲ್ಲಿ ಅದೇ ಬೋಲ್ಟು ಬಿಗಿಯುವ ಗುತ್ತಿಗೆಯವರನ್ನು ತಿರುಗಿ ನೋಡಲಿಲ್ಲ. ಇದೂ ಕೊರಿಯಾದ್ದೇ ಕಥೆ.

ಮೇಷ್ಟ್ರು: ಎರಡೂ ನಿಜ. ಶೂ ಹೋದದ್ದು ನಿಜ, ಅಲ್ಲಿ ಕೆಲಸ ಕಳೆದುಕೊಂಡ ಹೆಂಗಸರ ಪಾಲಿಗೆ ಅದು ಸಣ್ಣ ಮಾತಲ್ಲ. ಆದರೆ ಕೂಲಿ ಏರಿದರೆ ದೇಶ ಮುಳುಗುತ್ತದೆ ಎಂದು ಇಪ್ಪತ್ತು ವರ್ಷ ಹೆದರಿಸಿಕೊಂಡು ಬಂದಿದ್ದರಲ್ಲ, ಆ ಭಯ ನಿಜವಾಯಿತೇ? 3000 ಮುಷ್ಕರಗಳಾದ 1987ರಲ್ಲೂ ಅದರ ಮರುವರ್ಷವೂ ಕೊರಿಯಾದ ಆರ್ಥಿಕತೆ ಶೇ 10ಕ್ಕಿಂತ ಹೆಚ್ಚು ಬೆಳೆಯಿತು. ಕೂಲಿ ಏರಿದ್ದರಿಂದ ಕಾರು, ಟಿವಿ ಕೊಳ್ಳುವ ಜನ ಒಳಗೇ ಹುಟ್ಟಿದರು. ಅಗ್ಗದ ಕೈಗಳ ಮೇಲೆ ನಿಂತ ಉದ್ಯಮ ಹೋದಲ್ಲಿ ಹಡಗು, ಚಿಪ್, ಉಕ್ಕು ಬೆಳೆದವು. 1997ರ ಕೊನೆಯಲ್ಲಿ ದೇಶ ಐಎಂಎಫ್ ಬಾಗಿಲಿಗೆ ಹೋದಾಗ ಬಹುಮಂದಿ ಬೆರಳು ತೋರಿಸಿದ್ದು ಮಿತಿಮೀರಿದ ಅಲ್ಪಾವಧಿ ವಿದೇಶಿ ಸಾಲದ ಕಡೆಗೆ, ದೊಡ್ಡ ಉದ್ಯಮ ಮನೆತನಗಳು ಮಾಡಿಕೊಂಡ ಸಾಲದ ಕಡೆಗೆ. ಅದರ ಬಿಲ್ಲನ್ನು ಮಾತ್ರ ಕಾರ್ಮಿಕರ ಮುಂದೆ ಇಟ್ಟರು: 1998ರ ಫೆಬ್ರವರಿಯಲ್ಲಿ ಸರ್ಕಾರ, ಮಾಲೀಕರು, ಯೂನಿಯನ್‌ಗಳು ಕೂತು ಮಾಡಿದ ಒಪ್ಪಂದದ ಹೆಸರಿನಲ್ಲಿ ಸಾಮೂಹಿಕ ವಜಾ ಕಾನೂನುಬದ್ಧವಾಯಿತು.

ಇನ್ನು ಗುತ್ತಿಗೆಯವರ ಮಾತು. ಇದು ನನ್ನನ್ನೂ ಚುಚ್ಚುವ ಆಕ್ಷೇಪ, ಯೂನಿಯನ್‌ಗಳು ಇದಕ್ಕೆ ಉತ್ತರ ಕೊಡಲೇಬೇಕು. ಆದರೆ ಆ ಕುರುಡು ಎಲ್ಲಿಂದ ಬಂತು ಎಂದೂ ನೋಡು. 1980ರ ತಿದ್ದುಪಡಿ ಯೂನಿಯನ್ ಎಂದರೆ ಒಂದೇ ಕಂಪನಿಯೊಳಗಿನದು ಎಂದು ಕಟ್ಟಿಹಾಕಿತು. ಒಂದು ಕಂಪನಿಯಲ್ಲಿ ಎರಡನೆಯ ಯೂನಿಯನ್ ಕಟ್ಟಲು ಅವಕಾಶ ಸಿಕ್ಕಿದ್ದು 2011ರ ಜುಲೈನಲ್ಲಿ. ಗೋಡೆಯೊಳಗೆ ಬೆಳೆಸಿದ ಗಿಡ ಗೋಡೆಯ ಆಕಾರದಲ್ಲೇ ಬೆಳೆಯುತ್ತದೆ. ಗುತ್ತಿಗೆಯವನ ಸಂಬಳ ನಿರ್ಧರಿಸುವುದು ಮೇಲಿನ ದೊಡ್ಡ ಕಂಪನಿ. ಆದರೆ ಬಹುಕಾಲ ಕಾನೂನಿನ ಪ್ರಕಾರ ಅವನ ಮಾಲೀಕ ಎಂದರೆ ನಡುವಿನ ಗುತ್ತಿಗೆದಾರನಷ್ಟೇ ಆಗಿದ್ದ. ಗುತ್ತಿಗೆದಾರನನ್ನು ಕೇಳಿದರೆ ನನ್ನ ಕೈಯಲ್ಲಿ ಏನಿದೆ ಅನ್ನುತ್ತಿದ್ದ, ದೊಡ್ಡ ಕಂಪನಿ ನಿಮಗೂ ನಮಗೂ ಸಂಬಂಧವಿಲ್ಲ ಅನ್ನುತ್ತಿತ್ತು. ಹೀಗೆ ಚೌಕಾಸಿಗೆ ಕೂರಲು ಎದುರು ಕುರ್ಚಿಯೇ ಇಲ್ಲದವನ ಸಂಘ ಹೇಗೆ ಬೆಳೆದೀತು? ಯೂನಿಯನ್ ಸ್ವಾತಂತ್ರ್ಯ ಹೆಚ್ಚಾದದ್ದರಿಂದ ಹುಟ್ಟಿದ ರೋಗ ಇದಲ್ಲ, ಅದನ್ನು ಅರ್ಧ ಕೊಟ್ಟಿದ್ದರಿಂದ ಹುಟ್ಟಿದ್ದು.

ಶಿಷ್ಯೆ: ಮುಷ್ಕರ ಎಂದರೆ ಗಲಾಟೆ ಎಂಬ ಭಯವೂ ಇದೆಯಲ್ಲ. ಕಲ್ಲು ತೂರಾಟ, ಬೆಂಕಿ, ಆಮೇಲೆ ಲಾಠಿ.

ಮೇಷ್ಟ್ರು: ಅದಕ್ಕೆ ಕೊರಿಯಾದವರೆಗೆ ಹೋಗುವುದು ಬೇಡ. 2016ರ ಏಪ್ರಿಲ್ 18 ಮತ್ತು 19ರ ಬೆಂಗಳೂರನ್ನು ನೆನೆ. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಬಂದರು. ಯಾವ ಯೂನಿಯನ್ ಕೂಡ ಕರೆ ಕೊಟ್ಟಿರಲಿಲ್ಲ. ವಾಹನಗಳು ಉರಿದವು, ಪೊಲೀಸರು ಲಾಠಿ ಬೀಸಿದರು. ಕೇಂದ್ರ ಸರ್ಕಾರ ಎರಡನೆಯ ದಿನವೇ ನಿಯಮ ಹಿಂತೆಗೆದುಕೊಂಡಿತು. ಅದರಿಂದ ಎರಡು ಪಾಠ ನನಗೆ ಕಾಣುತ್ತವೆ. ಸಂಘ ಇಲ್ಲದಿದ್ದರೆ ಸಿಟ್ಟು ಇರುವುದಿಲ್ಲ ಎಂಬುದು ಸುಳ್ಳು. ಸಿಟ್ಟು ಇರುತ್ತದೆ, ಅದರ ಪರವಾಗಿ ಮಾತಾಡುವವರು, ಸಾಕು ಮನೆಗೆ ಹೋಗೋಣ ಎಂದು ಹೇಳುವವರು ಮಾತ್ರ ಇರುವುದಿಲ್ಲ. ಸಂಘ ಎನ್ನುವುದು ಮಾಲೀಕನಿಗೂ ಒಂದು ವಿಳಾಸ. ಮಾತುಕತೆಗೆ ಯಾರನ್ನು ಕರೆಯಬೇಕು ಎಂದು ಅವನಿಗೆ ಗೊತ್ತಿರುತ್ತದೆ.

ಈಗ ನಾನು ಮೊದಲು ಹೇಳಿದ ಬೆಲೆಯ ಮಾತಿಗೆ ಬರುತ್ತೇನೆ, ಏಕೆಂದರೆ ಹೊಸ ಪ್ರಜಾಪ್ರಭುತ್ವಗಳು ಜಾರುವುದು ಇಲ್ಲೇ. ಸರ್ವಾಧಿಕಾರದಲ್ಲಿ ಮುಷ್ಕರದ ಬೆಲೆ ಲಾಠಿ, ಜೈಲು. ಅದು ಎಲ್ಲರ ಕಣ್ಣಿಗೆ ಕಾಣುತ್ತದೆ. ಪ್ರಜಾಪ್ರಭುತ್ವ ಬಂದ ಮೇಲೆ ಬೆಲೆಯನ್ನು ಅಂಚೆಯಲ್ಲಿ ಕಳಿಸುತ್ತಾರೆ, ಕೋರ್ಟಿನ ಮೊಹರಿನ ಸಮೇತ. ಮುಷ್ಕರದಿಂದ ಕಂಪನಿಗೆ ಇಷ್ಟು ನಷ್ಟವಾಯಿತು, ಯೂನಿಯನ್ ಮತ್ತು ಅದರ ಪದಾಧಿಕಾರಿಗಳು ತುಂಬಿಕೊಡಲಿ ಎಂಬ ದಾವೆ. ಜೊತೆಗೆ ಸಂಬಳ, ಮನೆ, ಖಾತೆಯ ಜಪ್ತಿ. 2003ರ ಜನವರಿಯಲ್ಲಿ ಚಾಂಗ್‌ವೊನ್‌ನ ಭಾರಿ ಯಂತ್ರೋಪಕರಣ ಕಾರ್ಖಾನೆಯಲ್ಲಿ ಬೇ ದಾಲ್-ಹೋ ಎಂಬ ಕಾರ್ಮಿಕ ಬೆಂಕಿ ಹಚ್ಚಿಕೊಂಡು ಸತ್ತ. ಆರು ತಿಂಗಳಿಂದ ಸಂಬಳ ಕೈಗೆ ಬಂದಿಲ್ಲ, ಎರಡು ದಿನ ಬಿಟ್ಟರೆ ಸಂಬಳದ ದಿನ, ಆಗಲೂ ಬರುವುದಿಲ್ಲ ಎಂದು ಬರೆದಿಟ್ಟಿದ್ದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬುಸಾನ್‌ನ ಹಡಗು ಕಟ್ಟೆಯಲ್ಲಿ ಕಿಮ್ ಜು-ಇಕ್ ಎಂಬ ಯೂನಿಯನ್ ಅಧ್ಯಕ್ಷ 129 ದಿನ 85ನೇ ನಂಬರಿನ ಕ್ರೇನಿನ ಮೇಲೆ ಕೂತು, ಅಲ್ಲೇ ನೇಣು ಹಾಕಿಕೊಂಡ. ಆಗ ಅಧ್ಯಕ್ಷರು ಯಾರು? ಕಾರ್ಮಿಕರ ಪರ ನಿಂತು ಜೈಲು ಕಂಡಿದ್ದ ರೋ ಮೂ-ಹ್ಯುನ್. ಒಳ್ಳೆಯವರು ಮೇಲೆ ಕೂತರೆ ಸಾಕು ಎಂಬ ನಂಬಿಕೆ ಎಷ್ಟು ದುರ್ಬಲ ನೋಡು. ಕಾನೂನು ಹಾಗೇ ಇದ್ದರೆ ಒಳ್ಳೆಯವರ ಕಾಲದಲ್ಲೂ ಜಪ್ತಿ ನೋಟಿಸು ಹೋಗುತ್ತಲೇ ಇರುತ್ತದೆ.

ಶಿಷ್ಯೆ: ನಷ್ಟ ಆದವರು ಕೋರ್ಟಿಗೆ ಹೋಗುವುದೇ ತಪ್ಪು ಅನ್ನುತ್ತೀರಾ? ಯಂತ್ರ ಒಡೆದರೆ, ಹಡಗಿನ ಕೆಲಸ ವಾರಗಟ್ಟಲೆ ನಿಂತರೆ, ಆ ದುಡ್ಡು ಯಾರದು?

ಮೇಷ್ಟ್ರು: ಯಂತ್ರ ಒಡೆದವನು ತೆರಲಿ, ಮನುಷ್ಯನ ಮೇಲೆ ಕೈ ಮಾಡಿದವನು ಶಿಕ್ಷೆ ಅನುಭವಿಸಲಿ, ಅದರಲ್ಲಿ ತಕರಾರಿಲ್ಲ. ಕೆಲಸ ನಿಲ್ಲುವುದು ಬೇರೆ ಮಾತು. ಮುಷ್ಕರ ಎಂದರೇ ಕೆಲಸ ನಿಲ್ಲಿಸಿ ನಷ್ಟ ಮಾಡುವುದು. ಕಾರ್ಮಿಕನಿಗೂ ಆ ದಿನಗಳ ಸಂಬಳ ಹೋಗುತ್ತದೆ. ಹಕ್ಕು ಎಂದು ಕೊಟ್ಟು, ಅದನ್ನು ಬಳಸಿದ್ದರಿಂದ ಆದ ನಷ್ಟವನ್ನು ಬಳಸಿದವನ ಮನೆಯಿಂದ ವಸೂಲಿ ಮಾಡಿದರೆ ಹಕ್ಕು ಎಲ್ಲಿ ಉಳಿಯಿತು? ಅಲ್ಲಿನ ಕಾನೂನಿನಲ್ಲಿ ನ್ಯಾಯಬದ್ಧ ಮುಷ್ಕರಕ್ಕೆ ರಕ್ಷಣೆ ಇತ್ತು ಎಂಬುದು ನಿಜ, ಆದರೆ ನ್ಯಾಯಬದ್ಧ ಎಂಬುದರ ಸುತ್ತಳತೆ ಎಷ್ಟು ಕಿರಿದಾಗಿತ್ತೆಂದರೆ ವಜಾ ವಿರೋಧಿಸಿ ನಡೆಸಿದ ಮುಷ್ಕರ ಅದರೊಳಗೆ ಹಿಡಿಸುವುದೇ ಕಷ್ಟ. ಮೊತ್ತ ನೋಡಿದರೆ ಉದ್ದೇಶ ತಿಳಿಯುತ್ತದೆ. 2022ರಲ್ಲಿ ಒಂದು ದೊಡ್ಡ ಹಡಗು ಕಾರ್ಖಾನೆಯ ಗುತ್ತಿಗೆ ಕಾರ್ಮಿಕರು, ಹಿಂದೆ ಕಡಿತ ಮಾಡಿದ್ದ ಶೇ 30ರಷ್ಟು ಸಂಬಳ ವಾಪಸ್ ಕೊಡಿ ಎಂದು 51 ದಿನ ಮುಷ್ಕರ ಮಾಡಿದರು. ಒಬ್ಬ ಬೆಸುಗೆಯವನು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಕಬ್ಬಿಣದ ಪಂಜರದೊಳಗೆ ಕೂತು ಬೆಸುಗೆ ಹಾಕಿಕೊಂಡ. ಕಾಲು ಚಾಚಲು ಜಾಗವಿಲ್ಲ, ಎದ್ದು ನಿಲ್ಲಲು ಜಾಗವಿಲ್ಲ. ಶಾಂತಿ ಮಾರುಕಟ್ಟೆಯ ಅಟ್ಟದಿಂದ ಐವತ್ತೆರಡು ವರ್ಷ ದೂರ, ದೇಶ ಶ್ರೀಮಂತವಾಗಿದೆ, ಮತದಾನ ನೆಟ್ಟಗೆ ನಡೆಯುತ್ತಿದೆ. ಕಾರ್ಮಿಕ ಬೆನ್ನು ನೆಟ್ಟಗೆ ಮಾಡಲಾಗದ ಜಾಗದಲ್ಲೇ ಕೂತಿದ್ದಾನೆ. ಮುಷ್ಕರ ಮುಗಿದ ಮೇಲೆ ಕಂಪನಿ ಐವರು ಮುಖಂಡರ ಮೇಲೆ 4,700 ಕೋಟಿ ವೋನ್ ದಾವೆ ಹೂಡಿತು. ತಲೆಗೆ 940 ಕೋಟಿ. ತಿಂಗಳಿಗೆ 20 ಲಕ್ಷ ವೋನ್ ಸಂಬಳ ಎಂದು ಹಿಡಿದರೂ, ಒಂದು ಕಾಸು ಖರ್ಚು ಮಾಡದೆ ತೀರಿಸಲು 391 ವರ್ಷಕ್ಕೂ ಹೆಚ್ಚು ಬೇಕು. ವಸೂಲಿ ಆಗುತ್ತದೆ ಎಂದು ನಂಬಿ ಇಂಥ ದಾವೆಯನ್ನು ಯಾರೂ ಹಾಕುವುದಿಲ್ಲ. ಮುಂದಿನವನು ಬಾಯಿ ತೆರೆಯದಿರಲಿ ಎಂದು ಹಾಕುತ್ತಾರೆ.

ಕೊರಿಯಾದ ಜನ ಇದನ್ನು ಕೊನೆಗೆ ಅರ್ಥ ಮಾಡಿಕೊಂಡರು, ಅದರ ದಾರಿ ನನಗೆ ಬಹಳ ಇಷ್ಟ. ಸ್ಸಾಂಗ್‌ಯೊಂಗ್ ಕಾರು ಕಂಪನಿಯಲ್ಲಿ 2009ರಲ್ಲಿ 77 ದಿನ ಮುಷ್ಕರ ನಡೆದಿತ್ತು. ಕಂಪನಿಗೂ ಪೊಲೀಸರಿಗೂ ಸೇರಿ ಸುಮಾರು 470 ಕೋಟಿ ವೋನ್ ಕೊಡಬೇಕೆಂದು 2013ರಲ್ಲಿ ಕೋರ್ಟ್ ಕಾರ್ಮಿಕರಿಗೆ ಹೇಳಿತು. ಒಬ್ಬ ತಾಯಿ ಒಂದು ವಾರಪತ್ರಿಕೆಗೆ 47,000 ವೋನ್ ಕಳಿಸಿದಳು. ಒಂದು ಲಕ್ಷ ಜನ ಇಷ್ಟಿಷ್ಟು ಕೊಟ್ಟರೆ ಸಾಲ ತೀರುತ್ತದೆ ಎಂಬುದು ಆಕೆಯ ಲೆಕ್ಕ. ಸಾವಿರಾರು ಜನ ಅದನ್ನೇ ಮಾಡಿದರು. ಸಂಬಳವನ್ನು ನಗದಾಗಿ ಕೊಡುತ್ತಿದ್ದ ಕಾಲದಲ್ಲಿ ಅದು ಬರುತ್ತಿದ್ದುದು ಹಳದಿ ಲಕೋಟೆಯಲ್ಲಿ, ಹಾಗಾಗಿ ಚಳವಳಿಗೂ ಅದೇ ಹೆಸರಾಯಿತು. ಅದರಿಂದ ಹುಟ್ಟಿದ ಮಸೂದೆಯನ್ನು ಅಧ್ಯಕ್ಷ ಯೂನ್ ಸುಕ್-ಯೋಲ್ ಎರಡು ಸಲ ತಡೆದರು. ಅದೇ ಅಧ್ಯಕ್ಷರು 2024ರ ಡಿಸೆಂಬರ್ 3ರ ರಾತ್ರಿ ಸೈನಿಕ ಕಾನೂನು ಘೋಷಿಸಿದಾಗ, ಸಂಸತ್ತು, ಪಕ್ಷಗಳ ಚಟುವಟಿಕೆಯ ಜೊತೆಗೆ ಮುಷ್ಕರವನ್ನೂ ನಿಷೇಧಿಸುವ ಸಾಲು ಆ ಆದೇಶದಲ್ಲಿತ್ತು. ಸಂಸತ್ತನ್ನೂ ಮುಷ್ಕರವನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಲು ಹೊರಟವರಿಗೆ ಅವೆರಡರ ನಂಟು ಗೊತ್ತಿತ್ತು. ಮೊದಲು ಇದು, ಆಮೇಲೆ ಅದು ಎಂದು ಬೇರೆ ಮಾಡುವ ನಾವೇ ಅದನ್ನು ಮರೆಯುತ್ತೇವೆ. ಯೂನ್ ಅಧಿಕಾರ ಕಳೆದುಕೊಂಡ ಮೇಲೆ, 2025ರ ಆಗಸ್ಟ್ 24ರಂದು, ಹಳದಿ ಲಕೋಟೆ ಕಾನೂನು ಪಾಸಾಯಿತು. ನಷ್ಟದ ದಾವೆಗೆ ಕಡಿವಾಣ ಹಾಕಿತು. ಕೆಲಸದ ಷರತ್ತುಗಳನ್ನು ನಿಜವಾಗಿ ನಿರ್ಧರಿಸುವ ಮೇಲಿನ ಕಂಪನಿಯೂ ಮಾಲೀಕನೇ ಎಂದಿತು. ನೀನು ಕೇಳಿದ ಗುತ್ತಿಗೆಯವನಿಗೆ ಎದುರು ಕುರ್ಚಿ ಸಿಕ್ಕಿದ್ದು ಆಗ.

ಶಿಷ್ಯೆ: ನಮ್ಮಲ್ಲಿ ಇಂಥ ದಾವೆಗಳು ಕೇಳಿಬರುವುದಿಲ್ಲವಲ್ಲ, ಮೇಷ್ಟ್ರೇ. ಅಷ್ಟರ ಮಟ್ಟಿಗೆ ನಾವೇ ವಾಸಿ ಅನ್ನಬಹುದೇ?

ಮೇಷ್ಟ್ರು: ಕೇಳಿಬರದಿರಲು ಒಂದು ಕಾರಣ ಇದೆ, ಅದು ನಮ್ಮ ಹಿರಿಯರ ದುಡಿಮೆ. ಮದ್ರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲಿನಲ್ಲಿ 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. 1920ರಲ್ಲಿ ಮಿಲ್ಲಿನವರು ಅದರ ಅಧ್ಯಕ್ಷ ಬಿ.ಪಿ. ವಾಡಿಯಾ ಮತ್ತು ಇತರರ ಮೇಲೆ ನಷ್ಟದ ದಾವೆ ಹಾಕಿ, ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಕಾರ್ಮಿಕರು ಕರಾರು ಮುರಿಯುವಂತೆ ಪ್ರಚೋದಿಸಿದರು ಎಂಬುದು ಆರೋಪ. ಕೊರಿಯಾದ ಕಾರ್ಮಿಕರು ಈ ಶತಮಾನದಲ್ಲಿ ಎದುರಿಸಿದ ಅಸ್ತ್ರ ಅದೇ. ಅದರ ಬಿಸಿ ತಟ್ಟಿ, 1921ರಲ್ಲಿ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ವಿಷಯ ಎತ್ತಿದರು. 1926ರ ಟ್ರೇಡ್ ಯೂನಿಯನ್ ಕಾಯ್ದೆಯ 18ನೇ ಕಲಮು ನೋಂದಾಯಿತ ಸಂಘಕ್ಕೆ, ಅದರ ಪದಾಧಿಕಾರಿಗಳಿಗೆ ಇಂಥ ದಾವೆಯಿಂದ ರಕ್ಷಣೆ ಕೊಟ್ಟಿತು. ಕೊರಿಯಾ 2025ರಲ್ಲಿ ಪಡೆದದ್ದರ ಒಂದು ಭಾಗ ನಮಗೆ 99 ವರ್ಷ ಮೊದಲೇ ಸಿಕ್ಕಿತ್ತು.

ಆದರೆ ಬೆಲೆಯನ್ನು ಇನ್ನೊಂದು ಕಡೆಯಿಂದಲೂ ಏರಿಸಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಯಾವ ಕಾರ್ಖಾನೆಯಲ್ಲೇ ಆಗಲಿ 14 ದಿನದ ನೋಟಿಸು ಕೊಡದೆ ಮುಷ್ಕರ ಮಾಡುವಂತಿಲ್ಲ. ಮೊದಲು ಇದು ನೀರು, ರೈಲು, ವಿದ್ಯುತ್ತಿನಂಥ ಸಾರ್ವಜನಿಕ ಸೇವೆಗಳಿಗೆ ಮಾತ್ರ ಇತ್ತು. ಸಂಧಾನ ನಡೆಯುವಾಗ ಮುಷ್ಕರ ಇಲ್ಲ, ಅರ್ಧದಷ್ಟು ಜನ ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರ. ಮಾಲೀಕನಿಗೆ ಅನಿರೀಕ್ಷಿತ ಆಘಾತ ತಪ್ಪಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ನೋಟಿಸು, ಸಂಧಾನ, ಮತ್ತೆ ನೋಟಿಸು ಎಂದು ಒಂದರ ಮೇಲೊಂದು ಬಾಗಿಲು ಕೂಡಿಸಿದರೆ ಕಾನೂನುಬದ್ಧವಾಗಿ ಮುಷ್ಕರ ಮಾಡುವ ದಿನವೇ ಪಂಚಾಂಗದಲ್ಲಿ ಸಿಗುವುದಿಲ್ಲ. ಆಗ ಉಳಿಯುವುದು 2016ರ ಹೊಸೂರು ರಸ್ತೆ.

ಶಿಷ್ಯೆ: ಸಂಘ ಮೊದಲೋ ಬೆಳವಣಿಗೆ ಮೊದಲೋ ಎಂದು ನಾನು ಕೇಳಿದ್ದೇ ತಪ್ಪು ಪ್ರಶ್ನೆ ಅನ್ನಿಸುತ್ತಿದೆ. ಕೊರಿಯಾ ಈಗಲಾದರೂ ಈ ಹಕ್ಕುಗಳನ್ನು ಲೋಕದ ಎದುರು ಒಪ್ಪಿಕೊಂಡಿದೆಯೇ?

ಮೇಷ್ಟ್ರು: ಒಪ್ಪಿಕೊಂಡಿದೆ, ಬಹಳ ತಡವಾಗಿ. ಸಂಘ ಕಟ್ಟುವ ಸ್ವಾತಂತ್ರ್ಯಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 87ನೇ ಒಪ್ಪಂದ, ಒಟ್ಟಾಗಿ ಚೌಕಾಸಿ ಮಾಡುವ ಹಕ್ಕಿಗೆ 98ನೆಯದು. 1991ರಲ್ಲಿ ಆ ಸಂಘಟನೆಗೆ ಸೇರಿದ ಕೊರಿಯಾ, ಐರೋಪ್ಯ ಒಕ್ಕೂಟ ವ್ಯಾಪಾರ ಒಪ್ಪಂದದ ಮೂಲಕ ಒತ್ತಡ ತಂದ ಮೇಲೆ, 2021ರಲ್ಲಿ ಎರಡನ್ನೂ ಅಂಗೀಕರಿಸಿತು. ಸರ್ಕಾರಿ ನೌಕರರ ವಿಷಯದಲ್ಲಿ ತೊಡಕಾಗುತ್ತದೆ ಎಂಬ ಕಾರಣ ಮುಂದಿಟ್ಟು, 1919ರಿಂದಲೂ ಆ ಸಂಘಟನೆಯ ಸ್ಥಾಪಕ ಸದಸ್ಯನಾಗಿರುವ ಭಾರತ ಈ ಎರಡರಲ್ಲಿ ಒಂದನ್ನೂ ಇನ್ನೂ ಅಂಗೀಕರಿಸಿಲ್ಲ.